ಹತ್ತಿಕಾಲು ಬ್ರೇಕ್ ಹಿಡಿದ ಬಗೆ

ನಮ್ಮ ಡಿಪೋದಲ್ಲಿ ಯಾವ ಡ್ರೈವರ್ ಎಂಥವನು ಎಂದು ತಿಳಿಯಲು ಅವನ ಜೊತೆ ಮಾತಾಡಬೇಕಾಗಿಲ್ಲ. ಅವನ ಬಸ್ಸಿನ ಚಕ್ರ ಬಿಚ್ಚಿ, ಡ್ರಮ್ ಕಳಚಿ, ಉಜ್ಜಿ ಚಕ್ರ ನಿಲ್ಲಿಸುವ ಒಳಗಿನ ಪಟ್ಟಿಯನ್ನು, ಅಂದರೆ ಬ್ರೇಕ್ ಲೈನಿಂಗ್ ಅನ್ನು, ನೋಡಿದರೆ ಸಾಕು. ಕೋಪಿಷ್ಠನ ಲೈನಿಂಗ್ ಬಿರುಕು ಬಿಟ್ಟಿರುತ್ತದೆ. ಪುಕ್ಕಲ ಸದಾ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರುತ್ತಾನಲ್ಲ, ಅವನದು ಉಜ್ಜಿ ಉಜ್ಜಿ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ. ಇಪ್ಪತ್ತೆಂಟು ವರ್ಷದಿಂದ ನಾನು ಬ್ರೇಕ್ ಮೆಕ್ಯಾನಿಕ್. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಅದಕ್ಕೆ ಸಂಬಳ ಕೊಡುವವರು ಸಿಕ್ಕಿದ್ದು ನನ್ನ ಪುಣ್ಯ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬಸ್ಸಿನ ಲೈನಿಂಗ್ ನೋಡಿ ಬೆರಗಾದೆ. ಬೇರೆ ಬಸ್ಸುಗಳಿಗೆ ಎರಡು ಸಲ ಬದಲಾಯಿಸುವಷ್ಟರಲ್ಲಿ ಅದಕ್ಕೆ ಒಂದು ಸಲವೂ ಬದಲಾಯಿಸಿರಲಿಲ್ಲ. ನಾಲ್ಕು ಡ್ರಮ್ಮುಗಳಲ್ಲೂ ಒಂದೇ ಸಮ ಸವೆತ. ಓಡಿಸುವವನು ಯಾರೆಂದು ವಿಚಾರಿಸಿದೆ. ಉದ್ದಕ್ಕೆ, ತೆಳ್ಳಗೆ, ಮಾತಾಡಿದರೆ ಮುತ್ತು ಉದುರುತ್ತದೋ ಎಂಬಂತೆ ಬಾಯಿ ಮುಚ್ಚಿಕೊಂಡಿರುವ ಒಬ್ಬ ಆಸಾಮಿಯನ್ನು ತೋರಿಸಿದರು. ಅವನಿಗೆ ಡಿಪೋದವರು ಇಟ್ಟ ಹೆಸರು ಹತ್ತಿಕಾಲು. ಬಸ್ಸು ನಿಂತದ್ದೇ ಗೊತ್ತಾಗದೆ ಜನ ಇಳಿಯುವುದನ್ನು ಮರೆಯುತ್ತಾರೆ ಎಂದು ಕಂಡಕ್ಟರುಗಳು ಗೇಲಿ ಮಾಡುತ್ತಿದ್ದರು.

ಅವತ್ತು ಮನೆಗೆ ಹೋದವನೇ ಅಪ್ಪನಿಗೆ, "ಅಕ್ಕನಿಗೆ ಗಂಡು ಸಿಕ್ಕಿದ" ಎಂದೆ.

"ಯಾರಪ್ಪಾ? ಮನುಷ್ಯ ಹೇಗೆ?"

"ಮಾತಾಡ್ಸಿಲ್ಲ. ಲೈನಿಂಗ್ ನೋಡಿದೀನಿ. ಅಪ್ಪಟ ಚಿನ್ನ."

ಅಪ್ಪ ನನಗೆ ಸರಿಯಾಗಿ ಮಂಗಳಾರತಿ ಮಾಡಿದರು. ಆದರೆ ಮರುದಿನ ಆ ಬಸ್ಸು ಹತ್ತಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಂದಿನ ಸೀಟಿನಲ್ಲಿ ಕೂತು ಬಂದು, "ಹುಡುಗ ಪರವಾಗಿಲ್ಲ, ನನಗೆ ಎರಡು ಸಲ ನಿದ್ದೆ ಬಂತು" ಎಂದರು. ಹೀಗೆ ಹತ್ತಿಕಾಲು ನನ್ನ ಭಾವನಾದದ್ದು.

ಈಗ ಆರು ತಿಂಗಳ ಹಿಂದೆ ಡಿಪೋಗೆ ಹನ್ನೆರಡು ಎಲೆಕ್ಟ್ರಿಕ್ ಬಸ್ಸುಗಳು ಬಂದವು. ಹೊಗೆಯಿಲ್ಲ, ಸದ್ದಿಲ್ಲ, ನೋಡಲು ಮದುಮಗಳ ಹಾಗೆ ಥಳಥಳ. ನೆಟ್ಟಗೆ ನಿಲ್ಲುವುದೊಂದು ಬಿಟ್ಟು ಬೇರೆಲ್ಲಾ ಬರುತ್ತಿತ್ತು. ಈ ಬಸ್ಸಿಗೆ ಬ್ರೇಕು ಎರಡು ಬಗೆ. ಒಂದು ನನಗೆ ಗೊತ್ತಿರುವ ಗಾಳಿ ಬ್ರೇಕು. ಇನ್ನೊಂದು ಮೋಟಾರಿನದು. ಮುಂದಕ್ಕೆ ಓಡಿಸುವ ಮೋಟಾರೇ ನಿಧಾನ ಮಾಡುವಾಗ ಚಕ್ರವನ್ನು ಹಿಡಿದೆಳೆಯುತ್ತದೆ. ಹಾಗೆ ಎಳೆಯುತ್ತಲೇ ಕರೆಂಟ್ ಮಾಡಿ ಬ್ಯಾಟರಿಗೆ ವಾಪಸು ತುಂಬುತ್ತದೆ. ಕೇಳಲು ಚಂದ. ಆದರೆ ಮೋಟಾರು ಕೈಬಿಟ್ಟು ಗಾಳಿ ಬ್ರೇಕು ಹಿಡಿಯುವ ಆ ಒಂದು ಗಳಿಗೆಯಲ್ಲಿ ಬಸ್ಸು ಮುಗ್ಗರಿಸುತ್ತಿತ್ತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು. ಒಬ್ಬ ಅಜ್ಜಿ ಗುರುತು ಪರಿಚಯವಿಲ್ಲದ ಪೊಲೀಸಿನವನ ತೊಡೆಯ ಮೇಲೆ ಕೂತು, ಎದ್ದು, ಅವನನ್ನೇ ಬೈದು ಇಳಿದು ಹೋದಳಂತೆ. ದೂರುಗಳು ರಾಶಿ ಬಿದ್ದವು.

ಬಸ್ಸು ತಯಾರಿಸಿದ ಕಂಪನಿಯವರು ಒಬ್ಬ ಇಂಜಿನಿಯರಮ್ಮನನ್ನು ಕಳಿಸಿದರು. ಮೂವತ್ತು ವರ್ಷ ಇರಬಹುದು, ಕೈಯಲ್ಲಿ ಒಂದು ಲ್ಯಾಪ್‌ಟಾಪ್, ಒಂದು ನೋಟ್‌ಬುಕ್. ಬಂದವಳೇ, "ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ಬ್ರೇಕ್ ಹಿಡಿಯೋರು ಯಾರು?" ಎಂದು ಕೇಳಿದಳು. ಇಡೀ ಡಿಪೋ ಒಂದೇ ಕಡೆ ಬೆರಳು ತೋರಿಸಿತು. ಭಾವನನ್ನು ರೂಟಿನಿಂದ ಬಿಡಿಸಿ, ಮೂರು ವಾರ ಅವಳ ಜೊತೆ ಹಾಕಿದರು. ಬ್ರೇಕು ಎಂದ ಮೇಲೆ ನಾನಿಲ್ಲದೆ ಹೇಗೆ? ಯಾರೂ ಕರೆಯದಿದ್ದರೂ ನಾನೂ ಹೋಗಿ ಕೂತೆ.

"ಮುಂದಿನ ಗಾಡಿ ಎಷ್ಟು ದೂರದಲ್ಲಿದ್ದಾಗ ಬ್ರೇಕ್ ಹಿಡೀತೀರಾ ಸರ್?" ಇಂಜಿನಿಯರಮ್ಮ ಕೇಳಿದಳು.

"ಹತ್ತಿರ ಬಂದಾಗ" ಎಂದರು ಭಾವ.

"ಎಷ್ಟು ಒತ್ತುತೀರಾ?"

"ಸ್ವಲ್ಪ."

"ಇನ್ನೂ ಹತ್ತಿರ ಬಂದ್ರೆ?"

"ಸ್ವಲ್ಪ ಜಾಸ್ತಿ."

ನನಗೆ ತಡೆಯಲಾಗಲಿಲ್ಲ. "ಮೇಡಂ, ಇವರನ್ನ ಹಿಂಡಿದ್ರೂ ಇಷ್ಟೇ ಸಿಗೋದು. ಮೀಟರು, ಕೇಜಿ ಲೆಕ್ಕ ಬೇಕಾದ್ರೆ ನನ್ನ ಕೇಳಿ."

"ಬೇಡ, ನನಗೆ ಬೇಕಾಗಿರೋದು ಇದೇ" ಎಂದು ಅವಳು ಅದನ್ನೆಲ್ಲ ಬರೆದುಕೊಂಡಳು. ಹತ್ತಿರ, ಸ್ವಲ್ಪ, ಸ್ವಲ್ಪ ಜಾಸ್ತಿ. ಇದಕ್ಕೆ ಇವಳು ಕಾಲೇಜಿಗೆ ಹೋಗಿದ್ದಳೇ ಎನ್ನಿಸಿತು. ನನ್ನ ಮುಖ ನೋಡಿ ಅವಳಿಗೆ ಅರ್ಥವಾಗಿರಬೇಕು. "ನೀವೇ ಹೇಳಿ, ಮೂವತ್ತು ಮೀಟರ್ ಹತ್ತಿರಾನಾ, ದೂರಾನಾ?" ಎಂದಳು.

"ಹಾಗಂದ್ರೆ... ಎರಡೂ ಹೌದು."

"ಮಾಮೂಲಿ ಯಂತ್ರಕ್ಕೆ 'ಎರಡೂ' ಅಂದ್ರೆ ಅರ್ಥ ಆಗಲ್ಲ. ಮೂವತ್ತಕ್ಕೆ ಒಂದು ಗೆರೆ ಎಳೆದುಕೊಳ್ಳುತ್ತೆ. ಮೂವತ್ತೊಂದು ದೂರ, ಇಪ್ಪತ್ತೊಂಬತ್ತು ಹತ್ತಿರ. ಗೆರೆ ದಾಟಿದ ತಕ್ಷಣ ದಡಕ್ ಅಂತ ಹಿಡಿಯುತ್ತೆ, ಜನ ಬೀಳ್ತಾರೆ. ನಾನು ಹಾಕ್ತಿರೋದಕ್ಕೆ ಫಜಿ ಲಾಜಿಕ್ ಅಂತಾರೆ. ಇದರಲ್ಲಿ ಗೆರೆ ಇಲ್ಲ. ಮೂವತ್ತು ಮೀಟರ್ ಅನ್ನೋದು ಒಂದಷ್ಟು ಹತ್ತಿರ, ಒಂದಷ್ಟು ದೂರ, ಎರಡೂ ಒಟ್ಟಿಗೆ."

"ಹತ್ತಾಣೆ ಹತ್ತಿರ, ಆರಾಣೆ ದೂರ, ಹಾಗಾ?"

ಅವಳು ನನ್ನನ್ನೇ ನೋಡಿದಳು. "ಅಯ್ಯೋ, ನಾಲ್ಕು ವರ್ಷ ಓದಿದ್ದನ್ನ ಒಂದೇ ಮಾತಲ್ಲಿ ಹೇಳಿಬಿಟ್ರಲ್ಲ! ಹಾಗೇ. ಹತ್ತಿರ ಇದ್ರೆ ಏನು ಮಾಡ್ಬೇಕು ಅನ್ನೋ ರೂಲಿಗೆ ಹತ್ತಾಣೆ ಬೆಲೆ, ದೂರ ಇದ್ರೆ ಅನ್ನೋ ರೂಲಿಗೆ ಆರಾಣೆ ಬೆಲೆ. ಎರಡನ್ನೂ ಸೇರಿಸಿ, ಮೋಟಾರು ಎಷ್ಟು ಹಿಡೀಬೇಕು, ಗಾಳಿ ಬ್ರೇಕ್ ಎಷ್ಟು ಹಿಡೀಬೇಕು ಅಂತ ತೀರ್ಮಾನ ಮಾಡುತ್ತೆ. ಆ ರೂಲು ಬರೆಯೋದಕ್ಕೆ ನಿಮ್ಮ ಭಾವ ಬೇಕು."

ಅಂದಿನಿಂದ ನನಗೂ ಹುಚ್ಚು ಹಿಡಿಯಿತು. ಉಣ್ಣುವಾಗ, ನಡೆಯುವಾಗ, ಯಾವುದು ಎಷ್ಟಾಣೆ ಎಂದು ಲೆಕ್ಕ. ನನ್ನ ಹೆಂಡತಿಯ ಕೋಪ ಮೂರಾಣೆಯೋ ಹದಿಮೂರಾಣೆಯೋ ಎಂದು ಅಳೆಯಲು ಹೋಗಿ ಒಂದು ದಿನ ಬೈಸಿಕೊಂಡೂ ಆಯಿತು.

ಎರಡನೆಯ ವಾರ ಇಂಜಿನಿಯರಮ್ಮ ಬ್ರೇಕ್ ಪೆಡಲಿಗೆ ಒಂದು ಸೆನ್ಸರ್ ಕೂರಿಸಿದಳು. ಕಾಲು ಎಷ್ಟು ಒತ್ತಿತು, ಯಾವಾಗ ಒತ್ತಿತು ಎಂಬುದು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಬರುತ್ತಿತ್ತು. ಡಿಪೋದ ಹಿಂದಿನ ಖಾಲಿ ಮೈದಾನದಲ್ಲಿ ಭಾವ ಬಸ್ಸು ಓಡಿಸಿದರು, ನಿಲ್ಲಿಸಿದರು, ಓಡಿಸಿದರು, ನಿಲ್ಲಿಸಿದರು. ಬೇರೆ ನಾಲ್ಕು ಡ್ರೈವರುಗಳನ್ನೂ ಓಡಿಸಲು ಹೇಳಿದಳು. ಸಂಜೆ ನನ್ನನ್ನು ಕರೆದು ಗೆರೆಗಳನ್ನು ತೋರಿಸಿದಳು. ಅವಳ ಕಣ್ಣು ಮಿಂಚುತ್ತಿತ್ತು.

"ಇದು ಬೇರೆಯವರದು. ಒಂದೇ ಗುಡ್ಡ. ಇದು ನಿಮ್ಮ ಭಾವಂದು. ಪ್ರತಿ ಸಲ, ದೊಡ್ಡ ಗುಡ್ಡಕ್ಕೆ ಮೊದಲು ಒಂದು ಪುಟ್ಟ ದಿಬ್ಬ ಇದೆ, ನೋಡಿದ್ರಾ? ಅರ್ಧ ಸೆಕೆಂಡು ಸುಮ್ಮನೆ ಮುಟ್ಟಿ, ಒಂದು ಚೂರು ಬಿಟ್ಟು, ಆಮೇಲೆ ಒತ್ತುತ್ತಾರೆ. ಕದ ತಟ್ಟಿ ಒಳಗೆ ಬಂದ ಹಾಗೆ. ಇದೇ ಇವರ ಗುಟ್ಟು!"

ಅದನ್ನು ಅವಳು ರೂಲಿಗೆ ಸೇರಿಸಿದಳು. ಡ್ರೈವರು ಪೆಡಲ್ ಒತ್ತಿದರೆ ಮೊದಲು ಮೋಟಾರು ಮೆಲ್ಲಗೆ ಒಂದು ಸಲ ತಟ್ಟುತ್ತದೆ, ಆಮೇಲೆ ಹಿಡಿಯುತ್ತದೆ. ಮರುದಿನ ಬೆಳಗ್ಗೆ ಆಫೀಸಿನವರು, ವರ್ಕ್‌ಶಾಪಿನವರು ಎಲ್ಲರನ್ನೂ ಬಸ್ಸಿನಲ್ಲಿ ನಿಲ್ಲಿಸಿ, ಕೈಗೊಂದು ನೀರು ತುಂಬಿದ ಲೋಟ ಕೊಟ್ಟಳು. ತಟ್ಟದೆ ನಿಲ್ಲಿಸಿದಾಗ ನನ್ನ ಅಂಗಿ ತೊಪ್ಪೆಯಾಯಿತು. ತಟ್ಟಿ ನಿಲ್ಲಿಸಿದಾಗ ಲೋಟದ ನೀರು ತುಳುಕಲಿಲ್ಲ. ಬಸ್ಸು ನಿಲ್ಲುತ್ತದೆ ಎಂದು ಮೈಗೆ ಮೊದಲೇ ಗೊತ್ತಾಗಿ, ನಮಗೇ ಅರಿವಿಲ್ಲದೆ ಕಾಲು ಗಟ್ಟಿಯಾಗಿ ಊರುತ್ತಿದ್ದೆವು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಇದನ್ನ ಎಲ್ಲಿ ಕಲಿತ್ರಿ ಸರ್?" ಎಂದು ಅವಳು ಕೇಳಿದಾಗ ಭಾವ, "ರೂಢಿ, ಅಷ್ಟೇ" ಎಂದು ಬೇರೆ ಕಡೆ ತಿರುಗಿಕೊಂಡರು. ಹೊಗಳಿದರೆ ನಾಚುವ ಮನುಷ್ಯ ನಿಜ. ಆದರೆ ಇದು ನಾಚಿಕೆಯಾಗಿರಲಿಲ್ಲ.

ನನ್ನ ತಲೆಯಲ್ಲಿ ಹುಳ ಕೊರೆಯತೊಡಗಿತು. ಕಾರಣ ಹೇಳುತ್ತೇನೆ. ಬಸ್ಸಿನ ಅಡಿಯ ಗುಂಡಿಯಲ್ಲಿ ನಿಂತು ಬ್ರೇಕು ನೋಡುವಾಗ ಮೇಲೆ ಡ್ರೈವರು ಏನು ಮಾಡುತ್ತಿದ್ದಾನೆಂದು ನನಗೆ ಕಾಣುವುದಿಲ್ಲ, ಕೇಳುತ್ತದೆ. ಪೆಡಲ್ ಬಿಟ್ಟಾಗಲೆಲ್ಲ ವಾಲ್ವಿನಿಂದ ಗಾಳಿ 'ಚುಸ್' ಎನ್ನುತ್ತದೆ. ಭಾವನ ಹಳೆಯ ಡೀಸೆಲ್ ಬಸ್ಸು ಗುಂಡಿಯ ಮೇಲೆ ಬಂದು ನಿಲ್ಲುವಾಗ ಯಾವಾಗಲೂ ಒಂದೇ ಚುಸ್. ಸುಮಾರು ಒಂದೂವರೆ ವರ್ಷದ ಹಿಂದೆ ಅದು ಎರಡು ಚುಸ್ ಆಯಿತು. ವಾಲ್ವ್ ಸೋರುತ್ತಿದೆ ಎಂದುಕೊಂಡು ಹೊಸದು ಹಾಕಿದೆ. ಆಗಲೂ ಎರಡು. ಮತ್ತೆ ಬಿಚ್ಚಿ ಇನ್ನೊಂದು ಹಾಕಿದೆ, ಸ್ಟೋರಿನವನಿಂದ ಉಗಿಸಿಕೊಂಡೆ. ಆಗಲೂ ಎರಡು. ಕೆಟ್ಟಿರುವುದು ವಾಲ್ವೇ ಎಂದು ನಂಬಿ ಕೂತ ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಅಂದರೆ ಈ ಕದ ತಟ್ಟುವುದು ಮೂವತ್ತು ವರ್ಷದ ರೂಢಿಯಲ್ಲ, ಒಂದೂವರೆ ವರ್ಷದ್ದು. ಹತ್ತಿಕಾಲು ಎಂದು ಹೆಸರು ಬಂದಾಗ ಅವರು ತಟ್ಟುತ್ತಲೇ ಇರಲಿಲ್ಲ. ಇಷ್ಟು ವರ್ಷ ಒಂದೇ ಥರ ಓಡಿಸಿದ ಮನುಷ್ಯ ಇದ್ದಕ್ಕಿದ್ದಂತೆ ಕಾಲು ಬದಲಾಯಿಸಿದ್ದು ಯಾಕೆ?

ಭಾನುವಾರ ಬೆಳಗ್ಗೆ ಅಕ್ಕನ ಮನೆಗೆ ಹೋದೆ. ಅಕ್ಕ ಬಾಗಿಲು ತೆಗೆದಳು. ಭಾವ ಹಾಲ್‌ನಲ್ಲಿ ಬರಿಗಾಲಲ್ಲಿ ನಿಂತು ಗೋಡೆಗೆ ಗಡಿಯಾರ ತೂಗುಹಾಕುತ್ತಿದ್ದರು. ನೆಲದ ಬಿಳಿ ಟೈಲ್ಸ್ ಮೇಲೆ ಅಡುಗೆಮನೆಯಿಂದ ಹಾಲ್‌ವರೆಗೆ, ಒಂದು ಬಿಟ್ಟು ಒಂದು ಹೆಜ್ಜೆಗೆ, ಕೆಂಪು ಕಲೆ.

"ಭಾವ, ಕಾಲಲ್ಲಿ ರಕ್ತ!"

ಅವರು ಕೆಳಗೆ ನೋಡಿದರು. ಮೊದಲು ಎಡಗಾಲು ಎತ್ತಿ ನೋಡಿದರು, ಆಮೇಲೆ ಬಲಗಾಲು. ಬಲ ಅಂಗಾಲಿನಲ್ಲಿ ಉಗುರಿನಷ್ಟು ಉದ್ದದ ಗಾಜಿನ ಚೂರು ನೆಟ್ಟಗೆ ನಾಟಿತ್ತು. ಅಕ್ಕ, "ಬೆಳಗ್ಗೆ ಲೋಟ ಒಡೀತು, ಗುಡಿಸಿದ್ನಲ್ಲ" ಎನ್ನುತ್ತಲೇ ಓಡಿ ಬಂದು ಕಾಲು ಹಿಡಿದು ಚೂರನ್ನು ಕಿತ್ತಳು. ಭಾವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಅಕ್ಕ ಚೂರನ್ನು ನೋಡಿದಳು, ಗಂಡನ ಮುಖ ನೋಡಿದಳು.

"ನೋವಾಗಲಿಲ್ವಾ?"

ಭಾವ ಕಾಲು ಹಿಂದಕ್ಕೆಳೆದುಕೊಂಡರು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆಲ್ಲ ಗೊತ್ತಿತ್ತು, ಮಾತ್ರೆ ನುಂಗುತ್ತಿದ್ದರು. ಅದು ಕಾಲಿನವರೆಗೆ ಇಳಿದಿದೆ ಎಂದು ಒಬ್ಬರಿಗೂ ಹೇಳಿರಲಿಲ್ಲ. ಅಕ್ಕ ಔಷಧಿ ತರಲು ಒಳಗೆ ಹೋದಾಗ ಕೇಳಿದೆ.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ ಆಯ್ತು. ಬಲಗಾಲೇ ಜಾಸ್ತಿ. ಮರದ ತುಂಡು ಇದ್ದ ಹಾಗೆ."

"ಪೆಡಲ್ ಮೇಲೆ ಕಾಲಿದೆಯೋ ಇಲ್ವೋ ಗೊತ್ತಾಗಲ್ಲ ನಿಮಗೆ. ಅದಕ್ಕೇ ಮೊದಲು ಒಂದು ಸಲ ತಟ್ಟಿ ನೋಡ್ತೀರಾ."

"ತಟ್ಟಿದ್ರೆ ಬಸ್ಸು ಚೂರು ಮುಂದಕ್ಕೆ ಬಾಗುತ್ತಲ್ಲ, ಅದು ಬೆನ್ನಿಗೆ ಗೊತ್ತಾಗುತ್ತೆ. ಬೆನ್ನು ಹೇಳಿದ ಮೇಲೆ ಒತ್ತುತೀನಿ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ರಿಟೈರ್ ಆಗೋಕೆ ಇನ್ನು ಮೂರೇ ವರ್ಷ ಇರೋದು ಕಣಯ್ಯಾ. ಒಂದು ಗೀರೂ ಬೀಳದ ಹಾಗೆ ಓಡಿಸಿದೀನಿ. ಆ ಸೀಟಿಂದ ನನ್ನ ಇಳಿಸಿದ್ರೆ ನಾನು ಇನ್ಯಾವನು? ಯಾರಿಗೂ ಹೇಳ್ಬೇಡ."

ನನಗೆ ಮೈಯೆಲ್ಲ ಉರಿಯಿತು. ದಿನಕ್ಕೆ ಸಾವಿರ ಜನ ಈ ಮನುಷ್ಯನ ಮರದ ಕಾಲನ್ನು ನಂಬಿ ಕೂತಿದ್ದರಲ್ಲ ಎಂಬ ಸಿಟ್ಟು. ಅದರ ಹಿಂದೆಯೇ ಸಂಕಟ. ಎಷ್ಟಾಣೆ ಸಿಟ್ಟು, ಎಷ್ಟಾಣೆ ಸಂಕಟ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಬುಧವಾರ ಕೊನೆಯ ಪರೀಕ್ಷೆ. ಅಲ್ಲಿಯವರೆಗೆ ಅವರು ಮೈದಾನ ಬಿಟ್ಟು ರಸ್ತೆಗೆ ಇಳಿಯುವುದಿಲ್ಲ. ಅದು ಮುಗಿದ ಮೇಲೆ ರೂಟಿಗೆ ಹೋಗಬಾರದು, ಹೇಗೆ ತಪ್ಪಿಸುತ್ತೀರೋ ನಿಮಗೆ ಬಿಟ್ಟದ್ದು ಎಂದು ಹೇಳಿ ಎದ್ದು ಬಂದೆ.

ಬುಧವಾರ ಬೆಳಗ್ಗೆ ಮ್ಯಾನೇಜರೂ ಬಂದರು. ಇಂಜಿನಿಯರಮ್ಮ ಫ್ರಿಜ್ ಬಂದಿದ್ದ ದೊಡ್ಡ ರಟ್ಟಿನ ಡಬ್ಬಕ್ಕೆ ಹಗ್ಗ ಕಟ್ಟಿದ್ದಳು. ಬಸ್ಸು ನಲವತ್ತರ ವೇಗದಲ್ಲಿ ಬರುವಾಗ ಡಬ್ಬವನ್ನು ಅಡ್ಡ ಎಳೆಯಬೇಕು; ಬಸ್ಸು ನಿಲ್ಲಬೇಕು. ಮೊದಲು ಇನ್ನೊಬ್ಬ ಡ್ರೈವರು, ಹೊಸ ರೂಲು ಹಾಕಿದ ಬಸ್ಸು. ತೀರಾ ಹತ್ತಿರ ಏನಾದರೂ ಬಂದರೆ ಹೇಗೆಂಬ ರೂಲು ಇನ್ನೂ ಬರೆದಿರಲಿಲ್ಲವಾದ್ದರಿಂದ ಆ ಬಸ್ಸು ಆಗಲೂ ತಟ್ಟಿತು. ಡಬ್ಬಕ್ಕೆ ಬಡಿಯಿತು. "ಅರ್ಧ ಸೆಕೆಂಡು ಅಂದ್ರೆ ಐದೂವರೆ ಮೀಟರ್" ಎಂದು ಇಂಜಿನಿಯರಮ್ಮ ನೋಟ್‌ಬುಕ್‌ನಲ್ಲಿ ಬರೆದಳು. "ಸರ್, ಈಗ ನೀವು. ರೂಲೆಲ್ಲ ಆಫ್ ಮಾಡಿದೀನಿ, ಬರೀ ನಿಮ್ಮ ಕಾಲು. ತೀರಾ ಹತ್ತಿರ ಬಂದಾಗ ನೀವು ಏನು ಮಾಡ್ತೀರೋ ಅದನ್ನೇ ರೂಲು ಮಾಡ್ತೀನಿ."

ಭಾವ ಬಸ್ಸು ಹತ್ತಿದರು. ನಲವತ್ತರಲ್ಲಿ ಬಂದರು, ಡಬ್ಬ ಎಳೆದರು. ಬಸ್ಸಿನ ಮೂತಿ ಒಮ್ಮೆ ಮೆಲ್ಲಗೆ ಬಾಗಿದ್ದು ನನಗೆ ಕಂಡಿತು. ಆಮೇಲೆ ಗಟ್ಟಿಯಾಗಿ ಬಾಗಿತು. ಅಷ್ಟರಲ್ಲಿ ಡಬ್ಬ ಮುಂದಿನ ಚಕ್ರದ ಕೆಳಗೆ ಅಪ್ಪಚ್ಚಿಯಾಗಿತ್ತು.

ನಿಂತವರು ನಕ್ಕರು. ರಟ್ಟಿನ ಡಬ್ಬವಲ್ಲವೇ. ಇಂಜಿನಿಯರಮ್ಮ ನಗಲಿಲ್ಲ, ಲ್ಯಾಪ್‌ಟಾಪಿನ ಗೆರೆ ನೋಡುತ್ತಿದ್ದಳು. "ಇಲ್ಲೂ ತಟ್ಟಿದ್ದಾರೆ. ಇಷ್ಟು ಹತ್ತಿರ ಇದ್ದಾಗ ಯಾಕೆ ತಟ್ಟಿದ್ರು? ಸೆನ್ಸರ್ ಕೆಟ್ಟಿದೆಯಾ?"

ಇಪ್ಪತ್ತೆಂಟು ವರ್ಷದಲ್ಲಿ ನಾನು ಬ್ರೇಕಿನ ವಿಷಯದಲ್ಲಿ ಒಂದೂ ಸುಳ್ಳು ಹೇಳಿದವನಲ್ಲ. ಅವತ್ತು ಹೇಳಿದೆ. "ನನ್ನ ತಪ್ಪು ಮೇಡಂ. ವಾಲ್ವ್ ಸರಿಯಾಗಿ ಕೂತಿಲ್ಲ. ಮೊದಲ ಸಲ ಒತ್ತಿದ್ದು ಹಿಡಿದಿಲ್ಲ, ಅದಕ್ಕೆ ಮತ್ತೆ ಒತ್ತಿದ್ದಾರೆ."

ನಾನು ಹೇಳಿದರೆ ಅದು ಹದಿನಾರಾಣೆ ನಿಜ ಎಂದು ಡಿಪೋದಲ್ಲಿ ಲೆಕ್ಕ. ಮ್ಯಾನೇಜರು ತಲೆಯಾಡಿಸಿದರು. ಇಂಜಿನಿಯರಮ್ಮ ಪೆನ್ನು ತೆಗೆದಳು. ಅಷ್ಟರಲ್ಲಿ ಭಾವ ಬಸ್ಸಿನಿಂದ ಇಳಿದು ಬಂದರು. ಬಂದವರು ಚಪ್ಪಟೆಯಾದ ಡಬ್ಬವನ್ನೇ ಬಹಳ ಹೊತ್ತು ನೋಡುತ್ತಾ ನಿಂತರು. ಅದರ ಎತ್ತರ ಹೆಚ್ಚುಕಡಿಮೆ ಒಬ್ಬ ಮನುಷ್ಯನಷ್ಟಿತ್ತು.

"ಇವನು ಸುಳ್ಳು ಹೇಳ್ತಿದ್ದಾನೆ. ವಾಲ್ವ್ ಚೆನ್ನಾಗಿದೆ" ಎಂದರು. "ಬರ್ಕೊಳ್ಳಿ ಮೇಡಂ. ತೀರಾ ಹತ್ತಿರ ಇದ್ರೆ ತಟ್ಟಬಾರದು. ಒಂದೇ ಸಲ ಪೂರ್ತಿ ಹಿಡೀಬೇಕು. ನಾನು ತಟ್ಟಿದ್ದು ಯಾಕೆ ಅಂದ್ರೆ, ನನ್ನ ಕಾಲಿಗೆ ಪೆಡಲ್ ಗೊತ್ತಾಗಲ್ಲ. ಕಾಲು ಸತ್ತು ಹೋಗಿದೆ."

ಇಂಜಿನಿಯರಮ್ಮನ ಪೆನ್ನು ಹಾಗೇ ನಿಂತಿತ್ತು. "ಹಾಗಾದ್ರೆ ಇದು... ಗುಟ್ಟಲ್ವಾ ಸರ್? ಪೂರ್ತಿ ತೆಗೆದುಬಿಡ್ಲಾ?"

"ತೆಗೀಬೇಡಿ" ಎಂದರು ಭಾವ. "ದೂರ ಇದ್ದಾಗ ತಟ್ಟಲಿ. ನಾನು ಶುರು ಮಾಡಿದ್ದು ನನಗೋಸ್ಕರಾನೇ. ಆದ್ರೆ ಆಮೇಲೆ ಕನ್ನಡಿಯಲ್ಲಿ ನೋಡ್ತಿದ್ದೆ. ತಟ್ಟಿದ ಕೂಡ್ಲೇ ಜನ ಕಂಬಿ ಹಿಡ್ಕೊಳ್ತಿದ್ರು."

ಅದೇ ಅವರು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತಿರಬೇಕು. ಬಸ್ಸಿನ ಕೀ ಮ್ಯಾನೇಜರ ಕೈಗೆ ಕೊಟ್ಟು, ಕುಂಟದೆ, ನೆಟ್ಟಗೆ ನಡೆದು ಹೋದರು. ನಾನು ಹಿಂದೆ ಹೋಗಲಿಲ್ಲ. ಹೋಗಿದ್ದರೆ ಅತ್ತುಬಿಡುತ್ತಿದ್ದೆ.

ಡಾಕ್ಟರು ಪರೀಕ್ಷೆ ಮಾಡಿದರು, ಡ್ರೈವಿಂಗ್ ನಿಂತಿತು. ಭಾವನಿಗೆ ಈಗ ಡಿಪೋದ ಕಿಟಕಿಯಲ್ಲಿ ಕೂತು ಡ್ಯೂಟಿ ಚೀಟಿ ಕೊಡುವ ಕೆಲಸ. ಹೊಸ ರೂಲು ಹನ್ನೆರಡೂ ಬಸ್ಸಿಗೆ ಬಂತು, ದೂರುಗಳು ನಿಂತವು. ಆದರೆ ಒಂದು ತಿಂಗಳು ಭಾವ ಆ ಬಸ್ಸುಗಳ ಹತ್ತಿರ ಸುಳಿಯಲಿಲ್ಲ. ಮನೆಗೆ ನಡೆದೇ ಹೋಗುತ್ತಿದ್ದರು. ಇಂಥ ಕಾಲಿನಲ್ಲಿ ಇಷ್ಟು ದೂರ ನಡೆಯಬಾರದು ಎಂದು ಡಾಕ್ಟರು ಗದರಿದ ಮೇಲೆ, ಅಕ್ಕ ಒಂದು ಮಧ್ಯಾಹ್ನ ತಾನೇ ಡಿಪೋಗೆ ಬಂದು, "ನಡೀರಿ, ಬಸ್ಸಲ್ಲಿ ಹೋಗೋಣ" ಎಂದು ಅವರ ತೋಳು ಹಿಡಿದಳು. ಆಡಿದರೆ ಆಡಿದ ಹಾಗೆ ಮಾಡುವ ಹೆಂಗಸು ಅವಳು. ನಾನೂ ಜೊತೆಗೆ ಹತ್ತಿದೆ.

ಇಬ್ಬರೂ ಅಕ್ಕಪಕ್ಕ ಕೂತರು. ನಾನು ಎದುರಿನ ಕಂಬಿ ಹಿಡಿದು ನಿಂತೆ. ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು, ಬಸ್ಸಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ. ಮೊದಲ ನಿಲ್ದಾಣ ಬಂತು. ಬಸ್ಸು ಮೆಲ್ಲಗೆ ತಟ್ಟಿತು, ಆಮೇಲೆ ನಿಂತಿತು. ಮಗುವನ್ನು ಎತ್ತಿಕೊಂಡು ನಿಂತಿದ್ದವಳೊಬ್ಬಳು ಮಾತು ನಿಲ್ಲಿಸದೆಯೇ ಕಂಬಿಗೆ ಕೈ ಹಾಕಿದಳು.

"ಹೇಗಿದೆ ಭಾವ?" ಎಂದೆ.

"ಪರವಾಗಿಲ್ಲ. ಕಲಿತಿದೆ."

ಆಗ ನನ್ನ ಕಣ್ಣು ಕೆಳಗೆ ಹೋಯಿತು. ಎರಡನೆಯ ನಿಲ್ದಾಣ ಹತ್ತಿರ ಬರುತ್ತಿತ್ತು. ಭಾವನ ಬಲಗಾಲು ಬಸ್ಸಿಗಿಂತ ಒಂದು ಕ್ಷಣ ಮೊದಲೇ ನೆಲವನ್ನು ಮೆಲ್ಲಗೆ ಮುಟ್ಟಿತು, ಚೂರು ಎದ್ದಿತು, ಆಮೇಲೆ ಒತ್ತಿತು. ಮೂರನೆಯ ನಿಲ್ದಾಣದಲ್ಲೂ ಹಾಗೇ. ನಾನು ನೋಡಿದ್ದನ್ನು ಅಕ್ಕನೂ ನೋಡಿದಳು. ಅವಳು ತನ್ನ ಚಪ್ಪಲಿ ಕಳಚಿ, ಎಡಗಾಲನ್ನು ಮೆಲ್ಲಗೆ ತೆಗೆದು ಭಾವನ ಬಲಗಾಲಿನ ಬೆರಳುಗಳ ಮೇಲಿಟ್ಟಳು. ಭಾವನಿಗೆ ಗೊತ್ತಾಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ನಾವು ಇಳಿಯುವ ನಿಲ್ದಾಣ ಬರುವವರೆಗೂ ಅಕ್ಕ ಕಾಲು ತೆಗೆಯಲಿಲ್ಲ.